ಶಕಟರೇಫದ ಕಥೆ

ಮೂರು ವರ್ಷದ ಮಗು ಜಗಲಿಯ ಮೇಲೆ ಬಸ್ಸು ಬಿಡುವುದನ್ನು ಯಾರು ಕಂಡಿಲ್ಲ? ಆ ಬಸ್ಸಿಗೆ ಗಾಲಿಯಿಲ್ಲ, ಎಂಜಿನಿಲ್ಲ. ಅಡುಗೆಮನೆಯಿಂದ ತಂದ ಒಂದು ಮಣೆ, ಕೈಯಲ್ಲೊಂದು ತಟ್ಟೆ, ಬಾಯಲ್ಲಿ ಡುರ್‌ರ್‌ರ್ ಎಂಬ ಮೊರೆತ, ಇಷ್ಟೇ ಅದರ ಸಾಮಗ್ರಿ. ಕುರಿ ಕಾಯುವವರು ಮಂದೆಯನ್ನು ಹೊಡೆಯುವಾಗ ನಾಲಿಗೆಯಿಂದ ಹೊರಡಿಸುವ ಸದ್ದೂ ಬಹುಮಟ್ಟಿಗೆ ಇದೇ. ನಾಲಿಗೆಯ ತುದಿಯನ್ನು ಅದುರಿಸಿ ನುಡಿಯುವ ಈ ರಕಾರವನ್ನು ಕನ್ನಡಿಗರ ಬಾಯಿ ಮರೆತಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮರೆತಿರುವುದು ಅದರ ಅರ್ಥವನ್ನು. ಈಗ ನಮಗೆ ಅದು ಬರಿಯ ಸದ್ದು. ಸಾವಿರ ವರ್ಷದ ಹಿಂದೆ ಅದು ಮಾತಿನ ಅಂಗವಾಗಿತ್ತು. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ಹೊಣೆ ಅದರ ಮೇಲಿತ್ತು. ವರ್ಣಮಾಲೆಯಲ್ಲಿ ಅದಕ್ಕೆ ಪ್ರತ್ಯೇಕವಾದ ಒಂದು ಅಕ್ಷರವೂ ಇತ್ತು: ಱ.

ಹಳಗನ್ನಡ ಓದಿದವರಿಗೆ ಇದರ ಹೆಸರು ಗೊತ್ತು, ಶಕಟರೇಫ. ಶಕಟವೆಂದರೆ ಬಂಡಿ. ಅಕ್ಷರದ ಆಕಾರ ಪಕ್ಕಪಕ್ಕದಲ್ಲಿಟ್ಟ ಎರಡು ಗಾಲಿಯ ಹಾಗಿರುವುದರಿಂದ ಈ ಹೆಸರು ಬಂತೆನ್ನುವುದು ವಾಡಿಕೆಯ ವಿವರಣೆ. ತೆಲುಗರೂ ತಮ್ಮ ಇದೇ ಅಕ್ಷರವನ್ನು 'ಬಂಡಿ ರ' ಎಂದು ಕರೆಯುತ್ತಾರೆ. ಆಕಾರಕ್ಕಲ್ಲದೆ ಸದ್ದಿಗೂ ಈ ಹೆಸರು ಒಪ್ಪುತ್ತದೆಂದು ನನಗೆ ಅನ್ನಿಸುವುದುಂಟು. ಕಲ್ಲುದಾರಿಯ ಮೇಲೆ ಹೊರೆಬಂಡಿ ಹೋಗುವುದನ್ನು ಕೇಳಿದವರು ಅಲ್ಲವೆನ್ನಲಾರರು. ಅಕ್ಷರ ಇತ್ತೀಚಿನದಲ್ಲ. ಕನ್ನಡದ ಬಹು ಹಳೆಯ ಶಾಸನಗಳಲ್ಲಿ ಒಂದಾದ, ಕ್ರಿ. ಶ. ೪೫೦ರ ಸುಮಾರಿನ ಹಲ್ಮಿಡಿಯ ಶಾಸನದಲ್ಲೇ 'ಕುಱುಂಬಿಡಿ' ಎಂಬ ಮಾತಿನಲ್ಲಿ ಅದು ಕುಳಿತಿದೆ.

ರಕಾರಕ್ಕೂ ಱಕಾರಕ್ಕೂ ಭೇದವೇನು? ಸಾಮಾನ್ಯ ರಕಾರವನ್ನು ನುಡಿಯುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿನ ವಸಡನ್ನು ಒಮ್ಮೆ ತಟ್ಟಿ ಹಿಂದಿರುಗುತ್ತದೆ. ಅದು ನಾವೇ ಬೇಕೆಂದು ಕೊಡುವ ಪೆಟ್ಟು. ಅದುರುವ ರಕಾರದ ರೀತಿಯೇ ಬೇರೆ. ಅಲ್ಲಿ ನಾಲಿಗೆಯ ತುದಿಯನ್ನು ವಸಡಿನ ಬಳಿ ಸಡಿಲವಾಗಿ ನಿಲ್ಲಿಸಿ ಉಸಿರನ್ನು ಬಿಟ್ಟರೆ ಸಾಕು; ಮಿಕ್ಕ ಕೆಲಸವನ್ನು ಉಸಿರೇ ಮಾಡುತ್ತದೆ. ಗಾಳಿಗೆ ಬಾವುಟ ಪಟಪಟ ಹೊಡೆದುಕೊಳ್ಳುವ ಹಾಗೆ ನಾಲಿಗೆ ಹೊಡೆದುಕೊಳ್ಳುತ್ತದೆ. ಧ್ವನಿಶಾಸ್ತ್ರಜ್ಞರು ಯಂತ್ರವಿಟ್ಟು ಅಳೆದಿದ್ದಾರೆ: ಸೆಕೆಂಡಿಗೆ ಸುಮಾರು ೨೫ರಿಂದ ೩೦ ಸಲ. ಇಷ್ಟು ವೇಗವಾಗಿ ಯಾವ ಮನುಷ್ಯನೂ ತನ್ನ ನಾಲಿಗೆಯನ್ನು ಬೇಕೆಂದು ಆಡಿಸಲಾರ. ಮಾತಿನಲ್ಲಿ ಬಳಸುವಾಗ ಇಷ್ಟು ಹೊತ್ತು ಅದುರಿಸುವ ಅಗತ್ಯವಿಲ್ಲ, ಎರಡು ಮೂರು ಪೆಟ್ಟಿನಲ್ಲಿ ಅಕ್ಷರ ಮುಗಿಯುತ್ತದೆ. ಆದರೆ ಒಂದು ಪೆಟ್ಟಿಗೂ ಎರಡು ಪೆಟ್ಟಿಗೂ ಇರುವ ಅಂತರವನ್ನು ಅಂದಿನ ಕನ್ನಡಿಗರ ಕಿವಿ ಹಿಡಿಯುತ್ತಿತ್ತು.

ಹಿಡಿಯದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಒಂದು ವಾಕ್ಯವನ್ನು ನೋಡೋಣ. 'ಅವಳು ಹಸುವನ್ನು ಕರೆದಳು.' ಕೂಗಿದಳೆ, ಹಾಲು ಹಿಂಡಿದಳೆ? ಇಂದಿನ ಕನ್ನಡದಲ್ಲಿ ಹೇಳುವಂತಿಲ್ಲ. ಹಿಂದುಮುಂದಿನ ಸಂದರ್ಭವನ್ನು ನೋಡಬೇಕು, ಇಲ್ಲವೆ ಅವಳ ಕೈಯಲ್ಲಿ ತಂಬಿಗೆಯಿದೆಯೇ ಎಂದು ನೋಡಬೇಕು. ಹಳಗನ್ನಡದವರಿಗೆ ಈ ತೊಡಕಿರಲಿಲ್ಲ. ಕೂಗುವುದು ಕರೆ, ಹಾಲು ಹಿಂಡುವುದು ಕಱೆ. ಹೊಳೆಯ ದಡ ಕರೆ, ಬಟ್ಟೆಗೆ ಹತ್ತಿದ ಕೊಳೆ ಕಱೆ. ನಾಟಕ ನೋಡಲು ಹೋದಾಗ 'ತೆರೆ ತೆರೆಯಿತು' ಎನ್ನುತ್ತೇವೆ. ಎರಡೂ ಒಂದೇ ಮಾತಿನ ಎರಡು ರೂಪವೆಂದು ತಿಳಿಯುವವರೇ ಹೆಚ್ಚು. ಒಂದಲ್ಲ. ಪರದೆಯೂ ಕಡಲಿನ ಅಲೆಯೂ ತೆರೆ. ಬಾಗಿಲನ್ನು ತೆಗೆಯುವುದು ತೆಱೆ. ಅರಸನಿಗೆ ಕೊಡುವ ಕಪ್ಪಕಾಣಿಕೆಯೂ ತೆಱೆ. ಗಿಡದ ಬೇರಿನಲ್ಲಿರುವುದು ಸಾಮಾನ್ಯ ರಕಾರ, 'ಬೇರೆ' ಎಂಬಲ್ಲಿರುವುದು ಶಕಟರೇಫ. ಹೊಲ ಉಳುವ ಏರು ಬೇರೆ, ಬೆಟ್ಟ ಹತ್ತುವ ಏಱು ಬೇರೆ. ತೋಳನ್ನು ಚಾಚಿ ಅಳೆಯುವ ಮಾರು ಬೇರೆ, ಸಂತೆಯಲ್ಲಿ ಮಾಱುವುದು ಬೇರೆ. ಆಱು, ನೂಱು, ಮಱಿ, ಕುಱಿ, ತುಱು, ಅಱಿವು, ಮಱೆವು, ಇವುಗಳಲ್ಲೆಲ್ಲ ಇದ್ದದ್ದು ಈ ಬಂಡಿಯ ಅಕ್ಷರ. ಬ್ರಾಹ್ಮಣನೆಂಬ ಅರ್ಥದ 'ಹಾರುವ'ನನ್ನು ಹಾರುವುದರೊಡನೆ ಗಂಟುಹಾಕಿ ನಗುವವರನ್ನು ಕಂಡಿದ್ದೇನೆ. ಹಳೆಯ ರೂಪ ಪಾರ್ವ. ಪಾರ್ ಎಂದರೆ ನೋಡು, ಎದುರುನೋಡು. ನೆಗೆಯುವುದಕ್ಕೂ ರೆಕ್ಕೆ ಬಿಚ್ಚುವುದಕ್ಕೂ ಇದ್ದ ಮಾತು ಪಾಱು. ಅಕ್ಷರ ಒಂದು ಹೋದದ್ದರಿಂದ ಈ ಹಾಸ್ಯ ಹುಟ್ಟಿತು.

ಈ ಬಗೆಯ ನಾದವನ್ನು ನಮ್ಮ ದೇಶದ ಹಿಂದಿನವರು ಬಹಳ ಸೂಕ್ಷ್ಮವಾಗಿ ಗಮನಿಸಿದ್ದರು. ಸಂಸ್ಕೃತ ವ್ಯಾಕರಣದಲ್ಲಿ ಅಕ್ಷರಗಳ ಹೆಸರು ಹೇಳುವಾಗ ಕಕಾರ, ಮಕಾರ ಎಂದು 'ಕಾರ' ಹಚ್ಚುವುದು ವಾಡಿಕೆ. ರ ಒಂದಕ್ಕೆ ಮಾತ್ರ ಬೇರೆ ಪ್ರತ್ಯಯ ಹತ್ತಿ 'ರೇಫ' ಎಂದಾಗುತ್ತದೆ. ಅದರ ಸ್ಥಾನವೆಲ್ಲಿ ಎಂಬುದರಲ್ಲೂ ಒಮ್ಮತವಿಲ್ಲ. ಪಾಣಿನೀಯ ಶಿಕ್ಷೆ ಅದನ್ನು ಮೂರ್ಧನ್ಯವೆನ್ನುತ್ತದೆ. ಋಕ್‌ಪ್ರಾತಿಶಾಖ್ಯ ಹಲ್ಲಿನ ಬುಡದ್ದೆನ್ನುತ್ತದೆ. ವೇದಪಾಠದಲ್ಲಂತೂ ಸ್ವರವನ್ನೇ ನಡುಗಿಸುವ ಸಂಪ್ರದಾಯವುಂಟು. ಒಂದು ಬಗೆಯ ಸ್ವರಿತದ ಮುಂದೆ ಉದಾತ್ತ ಬಂದರೆ ಅಲ್ಲಿ 'ಕಂಪ' ಬರಬೇಕು. ಋಗ್ವೇದದ ಹಸ್ತಪ್ರತಿಗಳಲ್ಲಿ ಅಂಥ ಕಡೆ ಅಕ್ಷರದ ಪಕ್ಕದಲ್ಲಿ ೧ ಅಥವಾ ೩ ಎಂಬ ಅಂಕೆಯನ್ನು ಬರೆದಿರುತ್ತಾರೆ. ಗೊತ್ತಿಲ್ಲದವರು ಅದನ್ನು ಮಂತ್ರದ ಸಂಖ್ಯೆ ಎಂದು ತಿಳಿಯುವುದೂ ಉಂಟು.

ಮಾತಿನ ಈ ಕಂಪದಿಂದ ಸಂಗೀತದ ಕಂಪಕ್ಕೆ ಒಂದೇ ಹೆಜ್ಜೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ 'ಸಂಗೀತರತ್ನಾಕರ'ದಲ್ಲಿ ಗಮಕವೆಂದರೆ ಸ್ವರದ ನಡುಕವೆಂದೇ ಹೇಳಿ, ಅದರಲ್ಲಿ ಹದಿನೈದು ಬಗೆಯನ್ನು ಎಣಿಸುತ್ತಾನೆ. ಮೊದಲನೆಯದಾದ ತಿರಿಪ ಪುಟ್ಟ ಡಮರುವಿನ ಸದ್ದಿನಂತೆ ಇರಬೇಕಂತೆ. ಅದರ ವೇಗ ದ್ರುತದ ಕಾಲುಭಾಗ. ಮೂರನೆಯ ಒಂದು ಭಾಗವಾದರೆ ಸ್ಫುರಿತ, ಅರ್ಧವಾದರೆ ಕಂಪಿತ, ಪೂರ್ತಿ ದ್ರುತವಾದರೆ ಲೀನ, ಲಘುವಿನಷ್ಟಾದರೆ ಆಂದೋಲಿತ. ಗಡಿಯಾರವಿಲ್ಲದ ಕಾಲದಲ್ಲಿ ನಡುಕವನ್ನು ಹೀಗೆ ಅಳತೆಗೆ ಹಿಡಿದದ್ದು ಸಣ್ಣ ಸಾಹಸವಲ್ಲ. ಪಟ್ಟಿಯಲ್ಲಿ 'ಕುರುಳ' ಎಂಬುದೂ ಒಂದು. ಇದು ನಮ್ಮ ಗುಂಗುರುಗೂದಲ ಕುರುಳೇ ಇರಬೇಕು. ತಿರಿಪದಲ್ಲಿಯೂ ನನಗೆ ತಿರುಗು, ತಿರುಪು ಎಂಬ ದೇಶ್ಯ ಧಾತುವಿನ ನೆರಳು ಕಾಣುತ್ತದೆ. ವಿನೋದವೆಂದರೆ, ನಡುಕವನ್ನು ಹೇಳುವ ಈ ಎರಡು ಮಾತುಗಳಲ್ಲೂ ಇರುವುದು ನಡುಗದ ರಕಾರ.

ಪಾಶ್ಚಾತ್ಯ ಸಂಗೀತದಲ್ಲಿ 'ಟ್ರಿಲ್' ಎಂಬ ಅಲಂಕಾರವುಂಟು. ಅಕ್ಕಪಕ್ಕದ ಎರಡು ಸ್ವರಗಳನ್ನು ಒಂದರ ಬೆನ್ನಿಗೆ ಒಂದರಂತೆ ಬೇಗಬೇಗ ನುಡಿಸುವುದೇ ಅದು. ಬರೆದ ಸ್ವರಪ್ರಸ್ತಾರದಲ್ಲಿ ಅದಕ್ಕೆ ಗುರುತು ಇರುತ್ತದೆ. ತೆಗೆದುಹಾಕಿದರೆ ಕೃತಿಯ ಚೆಲುವು ತುಸು ಕಡಿಮೆಯಾದೀತೇ ಹೊರತು ಅದು ಬೇರೆ ಕೃತಿಯಾಗದು. ನಮ್ಮ ಕಂಪಿತ ಹಾಗಲ್ಲ. ತೋಡಿಯ ಗಾಂಧಾರವೂ ಖರಹರಪ್ರಿಯದ ಗಾಂಧಾರವೂ ಲೆಕ್ಕಕ್ಕೆ ಒಂದೇ, ಸಾಧಾರಣ ಗಾಂಧಾರ. ವೀಣೆಯಲ್ಲಿ ಒಂದೇ ಮೆಟ್ಟಿಲು. ಆದರೆ ತೋಡಿಯಲ್ಲಿ ಅದನ್ನು ತೂಗುವ ರೀತಿ ಬೇರೆ, ಖರಹರಪ್ರಿಯದಲ್ಲಿ ಬೇರೆ. ತೂಗದೆ ನೇರವಾಗಿ ನಿಲ್ಲಿಸಿದರೆ ಅದು ತೋಡಿಯೇ ಅಲ್ಲ. ಹಾರ್ಮೋನಿಯಮ್ಮಿನ ಮೇಲೆ ನಮ್ಮ ವಿದ್ವಾಂಸರಿಗಿದ್ದ ಮುನಿಸಿಗೆ ಒಂದು ಮುಖ್ಯ ಕಾರಣ ಇದೇ: ಆ ವಾದ್ಯದ ಮನೆಗಳು ನಡುಗಲಾರವು. ೧೯೪೦ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗಿಟ್ಟು, ೧೯೭೧ರವರೆಗೂ ಒಳಗೆ ಬಿಡಲಿಲ್ಲ. ಆ ನಿಷೇಧ ಅತಿಯಾಯಿತೆಂದು ಹೇಳುವವರ ಪಕ್ಷ ನನ್ನದು. ಆದರೂ ನಿಷೇಧಿಸಿದವರ ಕಿವಿ ತಪ್ಪು ಕೇಳಿರಲಿಲ್ಲ. ಸ್ವರ ಒಂದೇ ಆಗಿದ್ದು ಅದುರಿನಿಂದ ಮಾತ್ರ ರಾಗ ಬೇರೆಯಾಗುವುದೂ, ಕರೆ ಕಱೆಗಳಲ್ಲಿ ಅದುರಿನಿಂದ ಮಾತ್ರ ಪದ ಬೇರೆಯಾಗುವುದೂ ಒಂದೇ ಜಾತಿಯ ಸಂಗತಿ. ಸಂಗೀತಗಾರರು ಗುರುಶಿಷ್ಯ ಪರಂಪರೆಯಿಂದ ತಮ್ಮದನ್ನು ಉಳಿಸಿಕೊಂಡರು. ಮಾತಾಡುವವರಿಗೆ ಅಂಥ ಗುರುಗಳಿರಲಿಲ್ಲ.

ಹಕ್ಕಿಗಳ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ನಾಲಿಗೆಯ ಅದುರನ್ನು ಕೇಳಿದವರಿಗೆಲ್ಲ ಮೊದಲು ನೆನಪಾಗುವುದು ಹಕ್ಕಿಯೇ. ಬೇಸಗೆಯಲ್ಲಿ ಎತ್ತರದ ಕೊಂಬೆಯ ಮೇಲೋ ತಂತಿಯ ಮೇಲೋ ಕುಳಿತು ಬಿಳಿಗೊರಳ ಮಿಂಚುಳ್ಳಿ ಮೇಲಿನಿಂದ ಕೆಳಕ್ಕಿಳಿಯುವ ನಡುಗುದನಿಯನ್ನು ಗಳಿಗೆಗಟ್ಟಲೆ ಕೂಗುತ್ತದೆ. ಕೆರೆಯ ಗುಳುಮುಳುಕನ ಕೂಗು ಇನ್ನೂ ಚುರುಕು. ನೀರಿನ ಮೇಲೆ ಯಾರೋ ಸಣ್ಣ ಗೆಜ್ಜೆಯನ್ನು ಎಸೆದ ಹಾಗೆ. ಹಕ್ಕಿ ಇದನ್ನು ನಾಲಿಗೆಯಿಂದ ಮಾಡುವುದಲ್ಲ. ಅದರ ನಾದದ ಪೆಟ್ಟಿಗೆ ಎದೆಯೊಳಗೆ, ಉಸಿರುಗೊಳವೆ ಎರಡಾಗಿ ಕವಲೊಡೆಯುವ ಕಡೆ ಇದೆ. ಕೆನರಿ ಹಕ್ಕಿ ತನ್ನ ಅದುರಿನ ಒಂದೊಂದು ಚೂರಿನ ನಡುವೆಯೂ ಒಂದು ಕಿರಿಯ ಉಸಿರನ್ನು ಒಳಕ್ಕೆ ಎಳೆಯುತ್ತದೆಂದೂ, ಇದು ಸೆಕೆಂಡಿಗೆ ಮೂವತ್ತರವರೆಗೂ ಹೋಗುತ್ತದೆಂದೂ ಕಂಡುಬಂದಿದೆ. ನಮ್ಮ ನಾಲಿಗೆಯ ಲೆಕ್ಕಕ್ಕೂ ಇದಕ್ಕೂ ಹೊಂದಿಕೆ ಬಿದ್ದದ್ದು ಆಕಸ್ಮಿಕವೇ ಇರಬಹುದು.

ಹಕ್ಕಿಯ ಅದುರಿಗೆ ಅರ್ಥವಿದೆಯೆ? ೧೯೯೭ರಲ್ಲಿ ಜೆಫ್ರಿ ಪೋಡಾಸ್ ಎಂಬ ಅಮೆರಿಕದ ವಿಜ್ಞಾನಿ ಗುಬ್ಬಿಗಳನ್ನು ಹೋಲುವ ಅಲ್ಲಿನ ಹಾಡುಹಕ್ಕಿಗಳ ಕುಲವೊಂದನ್ನು ಪರೀಕ್ಷಿಸಿ ಒಂದು ಸ್ವಾರಸ್ಯವನ್ನು ತೋರಿಸಿದ. ಅದುರಿನ ವೇಗ ಹೆಚ್ಚಿದಂತೆ ಸ್ವರದ ಹರಹು ಕಿರಿದಾಗುತ್ತದೆ. ಕೊಕ್ಕನ್ನು ಅಗಲವಾಗಿ ತೆರೆದು ಮುಚ್ಚುವುದಕ್ಕೂ ವೇಗಕ್ಕೂ ಹೊಂದುವುದಿಲ್ಲ. ಎರಡನ್ನೂ ಸಾಧಿಸುವ ಹಕ್ಕಿ ಗಟ್ಟಿಗ ಹಕ್ಕಿ. ಮುಂದಿನ ಪರೀಕ್ಷೆಗಳಲ್ಲಿ ಇಂಥ ಗಟ್ಟಿಗರ ಹಾಡಿಗೆ ಹೆಣ್ಣುಹಕ್ಕಿಗಳು ಹೆಚ್ಚಾಗಿ ಒಲಿಯುವುದೂ ಕಂಡುಬಂತು. ಅಂದರೆ ಹಕ್ಕಿಯ ಅದುರು ನೇರವಾಗಿ ಹಕ್ಕಿಯನ್ನೇ ಹೇಳುತ್ತದೆ: ನಾನು ಇಷ್ಟು ಬಲ್ಲೆ, ನನ್ನ ಮೈಯಲ್ಲಿ ಇಷ್ಟು ಕಸುವಿದೆ. ಮನುಷ್ಯನ ಮಾತಿನ ಅದುರು ಹಾಗೆ ಏನನ್ನೂ ಹೇಳುವುದಿಲ್ಲ. ಱ ಎಂಬುದಕ್ಕೆ ತನ್ನಷ್ಟಕ್ಕೆ ಅರ್ಥವಿಲ್ಲ. ಅದು ರ ಅಲ್ಲ ಎಂಬುದೇ ಅದರ ಅರ್ಥ. ಇಂಥ ಅರ್ಥ ಇಬ್ಬರ ಒಪ್ಪಂದದ ಮೇಲೆ ನಿಂತಿರುತ್ತದೆ. ಆಡುವವನು ಅದುರಿಸಿದರೆ ಸಾಲದು, ಕೇಳುವವನು ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಕೇಳುವವನು ಲೆಕ್ಕ ಬಿಟ್ಟ ದಿನ ಅಕ್ಷರ ಸತ್ತಿತು.

ಹುಟ್ಟಿನ ಕಥೆ ಸಾವಿನ ಕಥೆಗಿಂತ ವಿಚಿತ್ರವಾಗಿದೆ. ಈ ಱಕಾರ ಮೊದಲಿಗೆ ರಕಾರದ ಜಾತಿಯದೇ ಅಲ್ಲ. ಕಾಲ್ಡ್‌ವೆಲ್ಲರು ೧೮೫೬ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದಂದಿನಿಂದ ಭದ್ರಿರಾಜು ಕೃಷ್ಣಮೂರ್ತಿಗಳವರೆಗೆ ವಿದ್ವಾಂಸರು ಪದಗಳನ್ನು ಸಾಲುಗೂಡಿಸಿ ನೋಡಿ ಕಂಡುಕೊಂಡದ್ದು ಇದು: ಮೂಲದಲ್ಲಿ ತಕಾರಕ್ಕೂ ಟಕಾರಕ್ಕೂ ನಡುವೆ, ವಸಡಿನ ಮೇಲೆ ನುಡಿಯುವ ಇನ್ನೊಂದು ವ್ಯಂಜನವಿತ್ತು. ಎರಡು ಸ್ವರಗಳ ನಡುವೆ ಅದು ಒಂಟಿಯಾಗಿ ಬಂದಾಗ ಬಿಗಿ ಸಡಿಲಿ ಅದುರುವ ರಕಾರವಾಯಿತು. ಜೋಡಿಯಾಗಿ ಬಂದಾಗ ಬಿಗಿಯಾಗಿಯೇ ಉಳಿದು, ಕಡೆಗೆ ಒಂದೊಂದು ಭಾಷೆಯಲ್ಲಿ ಒಂದೊಂದು ದಿಕ್ಕಿಗೆ ಸರಿಯಿತು. ತಮಿಳರು ಸುಱ್ಱು ಎಂದು ಬರೆಯುವ ಮಾತು ಕನ್ನಡದಲ್ಲಿ ಸುತ್ತು, ತೆಲುಗಿನಲ್ಲಿ ಚುಟ್ಟು. ಅವರ ಪುಱ್ಱು ನಮ್ಮ ಹುತ್ತ, ತೆಲುಗರ ಪುಟ್ಟ. ನಡುವೆ ಇದ್ದ ಮನೆಯನ್ನು ಬಿಟ್ಟು ಕನ್ನಡಿಗ ಹಲ್ಲಿನ ಕಡೆಗೂ ತೆಲುಗ ಅಂಗ‌ುಳಿನ ಕಡೆಗೂ ಹೋದರು. ಮಲೆಯಾಳಿ ಮಾತ್ರ ಹಳೆಯ ಮನೆಯಲ್ಲೇ ಇದ್ದಾನೆ.

ಇದನ್ನು ತಿಳಿದರೆ ಶಾಲೆಯ ಮಕ್ಕಳನ್ನು ಕಾಡುವ ಒಂದು ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ. ಬರು ಎಂಬುದು ಬಂದ ಆಗುತ್ತದೆ, ತರು ತಂದ ಆಗುತ್ತದೆ, ಇರು ಇದ್ದ ಆಗುತ್ತದೆ. ಆದರೆ ಹೊರು ಎಂಬುದು ಹೊತ್ತ, ಹೆರು ಎಂಬುದು ಹೆತ್ತ, ತೆರು ಎಂಬುದು ತೆತ್ತ. ಏಕೆ? ಹೊರು, ಹೆರು, ತೆರು ಇವು ಮೂರೂ ಹಳಗನ್ನಡದಲ್ಲಿ ಪೊಱು, ಪೆಱು, ತೆಱು. ಅಲ್ಲಿದ್ದದ್ದು ಶಕಟರೇಫ. ಭೂತಕಾಲದ ಪ್ರತ್ಯಯದೊಡನೆ ಅದು ಕೂಡಿದೊಡನೆ ಹಳೆಯ ವ್ಯಂಜನದ ಬಿಗಿ ಎಚ್ಚರಗೊಂಡು ತ್ತ ಆಯಿತು. 'ಹೆತ್ತ ತಾಯಿ', 'ಹೊತ್ತ ಹೊರೆ', 'ತೆತ್ತ ಬೆಲೆ' ಎನ್ನುವಾಗಲೆಲ್ಲ ನಾವು ಅರಿಯದೆಯೇ ಆ ಅಕ್ಷರದ ಲೆಕ್ಕವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದೇವೆ. ಅಕ್ಷರ ಗೊತ್ತಿಲ್ಲದವರೂ ಇದರಲ್ಲಿ ತಪ್ಪುವುದಿಲ್ಲ. ಕೊಡಗಿನ ಕಿತ್ತಳೆಯಲ್ಲೂ ಅದು ಅಡಗಿದೆ. ಕಿಱು ಎಂದರೆ ಚಿಕ್ಕದು, ಈಳೆಯ ಜಾತಿಯಲ್ಲಿ ಚಿಕ್ಕದು ಕಿತ್ತಿಳೆ, ದೊಡ್ಡದು ಹೇರಿಳೆ.

ಅಕ್ಷರದ ಜೊತೆಗಾರನೊಬ್ಬನಿದ್ದ, ೞ. ಅವನು ಮೊದಲು ಹೋದ. ಪೞೆಯದು ಹಳೆಯದಾಯಿತು, ಗೞ್ದೆ ಗರ್ದೆಯಾಗಿ ಗದ್ದೆಯಾಯಿತು, ಪೊೞ್ತು ಎಂಬುದು ಹೊತ್ತಾಯಿತು. ಹೀಗಾಗಿ 'ಹೊತ್ತು' ಎಂಬಲ್ಲಿ ಸೂರ್ಯನ ಹೊತ್ತೂ ತಲೆಯ ಮೇಲೆ ಹೊತ್ತದ್ದೂ ಒಂದೇ ಸದ್ದಾಗಿ ಕೂತವು; ಒಂದು ೞಕಾರ ಸತ್ತು ಬಂದದ್ದು, ಇನ್ನೊಂದು ಱಕಾರ ಮೈಮರೆಸಿಕೊಂಡು ಬಂದದ್ದು. ಕ್ರಿ. ಶ. ೧೨೬೦ರ ಸುಮಾರಿನ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಇರುವ ಮಾತುಗಳ ಪಟ್ಟಿಯನ್ನೇ ಕೊಡುತ್ತಾನೆ. ವೈಯಾಕರಣ ಪಟ್ಟಿ ಕೊಡುವುದು ಕಿವಿ ಕೈಬಿಟ್ಟಾಗ. ಆಡುಮಾತಿನಲ್ಲಿ ಭೇದ ಜೀವಂತವಾಗಿದ್ದರೆ ಪಟ್ಟಿ ಯಾರಿಗೆ ಬೇಕಿತ್ತು?

ಱಕಾರ ಇನ್ನೂ ಕೆಲವು ಕಾಲ ಬಾಳಿತು. ಎಷ್ಟು ಕಾಲವೆಂದು ನೋಡುವುದಕ್ಕೆ ನಮಗೆ ಎರಡು ಸಾಧನಗಳುಂಟು. ಮೊದಲನೆಯದು ಪ್ರಾಸ. ಹಳಗನ್ನಡದ ಪದ್ಯದಲ್ಲಿ ನಾಲ್ಕು ಸಾಲಿನ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾಗಿರಬೇಕು. ಒಂದು ಸಾಲು ರಕಾರವನ್ನು ಹಿಡಿದರೆ ಮಿಕ್ಕವೂ ರಕಾರವನ್ನೇ ಹಿಡಿಯಬೇಕು. ಱಕಾರ ಬಂದರೆ ಪ್ರಾಸ ಕೆಟ್ಟಿತು. ಕ್ರಿ. ಶ. ೯೪೧ರಲ್ಲಿ ಭಾರತವನ್ನು ಬರೆದ ಪಂಪನ ಕಾಲದವರು ಈ ಕಟ್ಟನ್ನು ಕಾಪಾಡಿದವರು. ಧ್ವನಿಮುದ್ರಣ ಯಂತ್ರವಿಲ್ಲದ ಕಾಲದ ಉಚ್ಚಾರವನ್ನು ನಮಗೆ ತಲುಪಿಸುವ ಕೆಲಸವನ್ನು ಪ್ರಾಸ ಮಾಡಿದೆ. ಛಂದಸ್ಸು ಕವಿಗೆ ಸಂಕೋಲೆ ಎಂದು ನಿಂದಿಸುವವರು ಈ ಉಪಕಾರವನ್ನಾದರೂ ನೆನೆಯಬೇಕು. ನಡುಗನ್ನಡದ ಷಟ್ಪದಿಗಳಿಗೆ ಬಂದರೆ ಈ ಕಟ್ಟು ಸಡಿಲವಾಗಿದೆ.

ಎರಡನೆಯ ಸಾಧನ ತಪ್ಪು. ಶಾಸನ ಕೊರೆದವರ ತಪ್ಪು. ವೀರಗಲ್ಲುಗಳಲ್ಲಿ ತುಱುಗೋಳಿನ ಮಾತು ಬರುತ್ತದೆ. ಊರ ದನವನ್ನು ಹಗೆಗಳು ಅಟ್ಟಿಕೊಂಡು ಹೋಗುವಾಗ ಅಡ್ಡಗಟ್ಟಿ ಇಱಿದು ಸತ್ತವನ ಹೆಸರು ಬರುತ್ತದೆ. ಹಳೆಯ ಕಲ್ಲುಗಳಲ್ಲಿ ತುಱು, ಇಱಿ ಎಂಬಲ್ಲಿ ಅಕ್ಷರ ಇರಬೇಕಾದ ಹಾಗೆ ಇರುತ್ತದೆ. ಕೊರೆದವನು ವಿದ್ವಾಂಸನಾಗಬೇಕಿರಲಿಲ್ಲ, ಆಡಿದಂತೆ ಕೊರೆದರೆ ಸಾಕಾಗಿತ್ತು. ವಿಜಯನಗರದ ಕಾಲಕ್ಕೆ ಬಂದರೆ ಱ ಇನ್ನೂ ಕಾಣುತ್ತದೆ, ಆದರೆ ಇರಬೇಕಾದಲ್ಲಿ ಇಲ್ಲದೆ, ಇರಬಾರದಲ್ಲಿ ಇದ್ದು. ರಕಾರವಿರುವ ಮಾತಿಗೂ ಗಾಂಭೀರ್ಯಕ್ಕೆಂಬಂತೆ ಬಂಡಿಯ ಗಾಲಿ ಹಚ್ಚಿರುವುದುಂಟು. ಕೈಗೆ ಅಕ್ಷರ ಗೊತ್ತು, ಕಿವಿಗೆ ಗೊತ್ತಿಲ್ಲ. ಅಕ್ಷರವೊಂದು ಸತ್ತಿತೆನ್ನುವುದಕ್ಕೆ ಅದು ಕಾಣೆಯಾಗಬೇಕಾಗಿಲ್ಲ. ತಪ್ಪಾಗಿ ಬಳಕೆಯಾದರೆ ಸಾಕು.

ಏಕೆ ಸತ್ತಿತು? ನಾಲಿಗೆಯ ಸೋಮಾರಿತನವೆಂದು ಹೇಳಿ ಕೈತೊಳೆದುಕೊಳ್ಳುವ ಉತ್ತರ ನನಗೆ ಒಪ್ಪಿಗೆಯಿಲ್ಲ. ಅದೇ ನಾಲಿಗೆ ಮಹಾಪ್ರಾಣಗಳನ್ನೂ ಸಂಸ್ಕೃತದ ಸಂಯುಕ್ತಾಕ್ಷರಗಳನ್ನೂ ಕಲಿತು ಆಡಿತು. ತಕಾರಕ್ಕೂ ಟಕಾರಕ್ಕೂ ನಡುವಣ ಸ್ಥಾನವೇ ಕನ್ನಡದಲ್ಲಿ ಖಾಲಿಯಾಗುತ್ತ ಬಂದು, ಜೋಡಿವ್ಯಂಜನವೂ ಹಲ್ಲಿನ ಕಡೆಗೆ ಹೊರಟುಹೋದ ಮೇಲೆ, ಱಕಾರ ಬಂಧುಬಳಗವಿಲ್ಲದೆ ಒಂಟಿಯಾಯಿತು. ಪಕ್ಕದಲ್ಲೇ ಅದರಷ್ಟೇ ದನಿಯ, ಅದಕ್ಕಿಂತ ಹೆಚ್ಚು ಬಳಕೆಯ ರಕಾರವಿತ್ತು. ಭೇದ ಮುಖ್ಯವಾಗುವ ಜೋಡಿಪದಗಳೂ ಸಂದರ್ಭದಿಂದ ತಿಳಿಯುವಂಥವೇ. ಹೀಗೆ ಒಂದು ಪೀಳಿಗೆ ಸಡಿಲವಾಗಿ ಆಡಿತು, ಮುಂದಿನ ಪೀಳಿಗೆ ಸಡಿಲವಾದದ್ದನ್ನೇ ಸರಿಯೆಂದು ಕಲಿಯಿತು. ಭಾಷೆಗೆ ಇದರಿಂದ ಪ್ರಾಣಹಾನಿಯೇನೂ ಆಗಲಿಲ್ಲ. ನಷ್ಟವಾಗಲಿಲ್ಲವೆಂದು ಮಾತ್ರ ಹೇಳಲಾರೆ.

ಸತ್ತ ಅಕ್ಷರಕ್ಕೆ ಉತ್ತರಕ್ರಿಯೆಯನ್ನು ಶ್ರದ್ಧೆಯಿಂದ ಮಾಡಿದವರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಕಿಟ್ಟೆಲ್ ಮುಖ್ಯರು. ೧೮೭೨ರಲ್ಲಿ 'ಶಬ್ದಮಣಿದರ್ಪಣ'ವನ್ನು ಅಚ್ಚುಹಾಕಿಸಿದ ಅವರು ೧೮೯೪ರ ತಮ್ಮ ದೊಡ್ಡ ನಿಘಂಟಿನಲ್ಲಿ ಱ, ೞ ಎರಡನ್ನೂ ಇರಬೇಕಾದ ಮಾತುಗಳಲ್ಲಿ ತೋರಿಸಿದರು. ಸುಮಾರು ಎಪ್ಪತ್ತು ಸಾವಿರ ಮಾತುಗಳಲ್ಲಿ ಯಾವ ರಕಾರ ಎಲ್ಲಿಯದೆಂದು ತಮಿಳು ಮಲೆಯಾಳಗಳೊಡನೆ ಹೋಲಿಸಿ ನೋಡುವುದು ಎಂಥ ಕೆಲಸವೆಂದು ಒಂದು ಪುಟವನ್ನಾದರೂ ಸಿದ್ಧಪಡಿಸಲು ಯತ್ನಿಸಿದವರಿಗೆ ಗೊತ್ತಾಗುತ್ತದೆ. ಗಣಕಯಂತ್ರದ ಕಾಲದಲ್ಲಿ ಈ ಶ್ರದ್ಧೆ ಸ್ವಲ್ಪ ಕುಂದಿತು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಱಕಾರಕ್ಕೆ ಸರಿಯಾದ ಜಾಗ ಸಿಕ್ಕಿತು. ೞಕಾರಕ್ಕೆ ಮಾತ್ರ 'ಫ' ಎಂಬ ಅಕ್ಷರವೆಂದು ಹೆಸರು ಬಿತ್ತು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ಕಟ್ಟಳೆ. ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ಸರಿಯಾದ ಹೆಸರನ್ನು ಇನ್ನೊಂದಾಗಿ ಬರೆದುಕೊಂಡಿದ್ದಾರೆ.

ಅಕ್ಷರ ಬದುಕಿರುವ ನಾಡುಗಳು ದೂರದಲ್ಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಕಾಸರಗೋಡಿನವರು. ಮನೆಮಾತು ಕನ್ನಡ, ಬೀದಿಯ ಮಾತು ಮಲೆಯಾಳ. ಮಲೆಯಾಳದಲ್ಲಿ ಕರಿ ಎಂದರೆ ಇದ್ದಿಲು, ಕಱಿ ಎಂದರೆ ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥ. ಘಟ್ಟದ ಮೇಲಿನ ನಾವು ಅಲ್ಲಿನ ಹೋಟೆಲಿನಲ್ಲಿ ಕೂತು ನಮ್ಮ ಒಂದು ಪೆಟ್ಟಿನ ರಕಾರದಲ್ಲಿ ಇನ್ನಷ್ಟು ಬಡಿಸಿರೆಂದು ಕೇಳಿದರೆ ಕೇಳಿದ್ದು ಇದ್ದಿಲನ್ನು. ಬಡಿಸುವವರು ನಮ್ಮ ಮುಖ ನೋಡಿ ಅರ್ಥಮಾಡಿಕೊಳ್ಳುತ್ತಾರೆ, ಅಷ್ಟೆ. ಇವರು ಕನ್ನಡ ಆಡುವಾಗ ನಮ್ಮಂತೆಯೇ ಆಡುತ್ತಾರೆ. ಮಲೆಯಾಳಕ್ಕೆ ಹೊರಳಿದ ಕ್ಷಣದಲ್ಲಿ ಎರಡು ರಕಾರಗಳೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಅವರನ್ನು ಕೂರಿಸಿಕೊಂಡು ಪಂಪನ ಕೆಲವು ಪದ್ಯಗಳನ್ನು ಮಲೆಯಾಳದ ನಾಲಿಗೆಯಿಂದ ಓದಿಸಿದೆ. ಹತ್ತಾರು ಸಲ ಪಾಠ ಹೇಳಿದ ಪದ್ಯಗಳು ಮೊದಲ ಸಲ ಕೇಳಿದ ಹಾಗಿದ್ದವು. ಇನ್ನು ನೀಲಗಿರಿಯ ತೋಡರ ವಿಷಯ ಕೇಳಿದರೆ ಬೆರಗಾಗುತ್ತದೆ. ಸಣ್ಣದೊಂದು ಜನಾಂಗದ ಆ ನುಡಿಯಲ್ಲಿ ಅದುರುವ ರಕಾರಗಳೇ ಮೂರು ಬಗೆ. ಎಮೆನೋ ಅವರು ೧೯೩೦ರ ದಶಕದಲ್ಲಿ ಅಲ್ಲಿಗೆ ಹೋಗಿ ಕಿವಿಯಿಂದ ಗುರುತಿಸಿದ ಈ ಭೇದಗಳನ್ನು ೧೯೯೬ರಲ್ಲಿ ವಿದ್ವಾಂಸರು ಯಂತ್ರಗಳಿಂದ ಅಳೆದು ಪ್ರಕಟಿಸಿದರು.

ಶಕಟರೇಫವನ್ನು ಇಂದಿನ ಬರವಣಿಗೆಗೆ ಮತ್ತೆ ತರಬೇಕೆಂದು ಕೇಳುವವನು ನಾನಲ್ಲ. ಆಡದ ಅಕ್ಷರವನ್ನು ಬರೆಯಿಸುವುದು ಮಕ್ಕಳಿಗೆ ಶಿಕ್ಷೆ. ಆದರೆ ಹಳಗನ್ನಡ ಪದ್ಯಗಳನ್ನು ಅಚ್ಚು ಮಾಡುವಾಗ ಅನುಕೂಲಕ್ಕೆಂದು ಱ ಇದ್ದಲ್ಲೆಲ್ಲ ರ ಮಾಡುವ ಪಠ್ಯಪುಸ್ತಕಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಹಳೆಯ ನಾಣ್ಯದ ಮೇಲಿನ ಮುದ್ರೆಯನ್ನು ಉಜ್ಜಿ ನುಣುಪುಮಾಡಿದ ಹಾಗೆ. ಅಂಥ ಒಂದು ಪುಸ್ತಕದಿಂದ ಕಲಿತು ಬಂದಿದ್ದ ಹುಡುಗಿಯೊಬ್ಬಳು, ವಿಷ್ಣುವರ್ಧನನ ತಂದೆ ಎರೆಯಂಗನ ಹೆಸರು ಬಂದಾಗ, "ಸಾರ್, ಎರೆಹುಳುವಿನ ಎರೆಯೇ ಇದು?" ಎಂದು ಕೇಳಿದಳು. ತರಗತಿ ನಕ್ಕಿತು. ಪ್ರಶ್ನೆಯಲ್ಲಿ ನಗುವಂಥದೇನೂ ಇರಲಿಲ್ಲ. ಮುಂದಿದ್ದ ಅಕ್ಷರಗಳನ್ನು ನೋಡಿದರೆ ಅದು ಸಹಜವಾದ ಪ್ರಶ್ನೆ. ಹಕ್ಕಿಗೆ ಮೀನಿಗೆ ಆಹಾರವಾಗುವುದು ಎರೆ, ಒಡೆಯನೆಂಬ ಅರ್ಥದ್ದು ಎಱೆ ಎಂದು ಕಪ್ಪುಹಲಗೆಯ ಮೇಲೆ ಎರಡು ಗಾಲಿಗಳನ್ನು ಬರೆದು ತೋರಿಸಿದೆ. ಅವಳಿಗೆ ಅಕ್ಷರ ಬಹಳ ಹಿಡಿಸಿತು. ಪರೀಕ್ಷೆಯಲ್ಲಿ ಅವಳ ಉತ್ತರಪತ್ರಿಕೆ ನನ್ನ ಕೈಗೇ ಬಂತು. ಅಱಿವು, ಮಱೆ, ನೂಱು ಎಲ್ಲವೂ ಸರಿಯಾಗಿದ್ದವು. ಮೂರನೆಯ ಪುಟದಲ್ಲಿ ಕಡಲಿನ ವರ್ಣನೆಗೆ ಬಂದು, ಅಲೆಗಳನ್ನೂ 'ತೆಱೆಗಳು' ಎಂದು ಬರೆದಿದ್ದಳು. ವಿಜಯನಗರದ ಶಾಸನದವನು ಮಾಡಿದ ತಪ್ಪೇ ಅದು. ನಾನು ಅಂಕ ಕಳೆಯಲಿಲ್ಲ.